ಉಣುಗು ಹಿಡಿಯೋಕೆ ಬಂದೋರು ಯಾವ ಸೈಂಟಿಸ್ಟು? ಮಗಳು ಕೇಳ್ತಾ ಇದಾಳೆ

ಅಡಿಕೆಸಿಪ್ಪೆ:
ಎಲ್ರಿಗೂ ನಮಸ್ಕಾರ. ನಮ್ದು ಸಾಗರದ ಕಡೆ, ಸ್ವಲ್ಪ ತೋಟ ಸ್ವಲ್ಪ ಗದ್ದೆ. ಮಗಳು ಫಸ್ಟ್ ಪಿಯುಸಿ, ಪಿಸಿಎಂಬಿ ತಗೊಂಡಿದಾಳೆ.

ವಿಷಯ ಏನಂದ್ರೆ ಈ ಬೇಸಿಗೇಲಿ ನಮ್ಮೂರ ಸೊಪ್ಪಿನ ಬೆಟ್ಟದಲ್ಲಿ ಒಂದು ಮುಸ್ಯ ಸತ್ತು ಬಿದ್ದಿತ್ತು, ಮಂಗನ ಕಾಯಿಲೆ ಇರ್ಬೋದು ಅಂತ ಆಶಾ ಕಾರ್ಯಕರ್ತೆ ಫೋನ್ ಮಾಡಿ ತಿಳಿಸಿದ ಮೇಲೆ ಜೀಪಲ್ಲಿ ನಾಲ್ಕೈದು ಜನ ಬಂದ್ರು. ಒಬ್ರು ತಲೆಯಿಂದ ಕಾಲ್ತನಕ ಪ್ಲಾಸ್ಟಿಕ್ ಸೂಟ್ ಹಾಕ್ಕೊಂಡು ಮಂಗನ ಹತ್ರ ಹೋದ್ರು. ಇನ್ನಿಬ್ರು ಕೋಲಿಗೆ ಕಟ್ಟಿದ ಬಿಳಿ ಬಟ್ಟೇನ ದರಕಿನ ಮೇಲೆ, ಅಂದ್ರೆ ಉದುರಿದ ಒಣ ಎಲೆ ಮೇಲೆ, ನಿಧಾನಕ್ಕೆ ಎಳ್ಕೊಂಡು ಹೋಗೋದು, ಸ್ವಲ್ಪ ದೂರ ಹೋಗಿ ನಿಂತು ಬಟ್ಟೆ ಮಗುಚಿ ನೋಡೋದು, ಚಿಮಟದಲ್ಲಿ ಎಳ್ಳಿಗಿಂತ ಸಣ್ಣದೇನೋ ಹೆಕ್ಕಿ ಬಾಟ್ಲಿಗೆ ಹಾಕೋದು, ಮತ್ತೆ ಎಳೆಯೋದು. ಮಧ್ಯಾಹ್ನದ ತನಕ ಇದೇ ಕೆಲಸ. ಮಗಳು ರಸ್ತೇಲಿ ನಿಂತು ಪೂರ್ತಿ ನೋಡಿದಾಳೆ, ಮನೆಗೆ ಬಂದು ಊಟಕ್ಕೆ ಕೂತಾಗಿಂದ ಶುರು, ಅಪ್ಪ ಇವ್ರನ್ನ ಏನಂತ ಕರೀತಾರೆ, ಇವ್ರು ಏನ್ ಓದಿರ್ತಾರೆ, ನಾನೂ ಇದೇ ಮಾಡ್ಬೋದಾ ಅಂತ.

ನೆಟ್ಟಲ್ಲಿ ಹುಡುಕಿದ್ರೆ ಸೈಂಟಿಸ್ಟ್‌ಗಳ ಹೆಸರಿನ ದೊಡ್ಡ ಪಟ್ಟಿ ಸಿಗತ್ತೆ, ಎಲ್ಲಾ ಲಜಿಸ್ಟು ಲಜಿಸ್ಟು. ಹಕ್ಕಿ ನೋಡೋರು ಆರ್ನಿಥಾಲಜಿಸ್ಟು, ಮೀನು ನೋಡೋರು ಇಕ್ತಿಯಾಲಜಿಸ್ಟು, ಹಾವು ಕಪ್ಪೆ ನೋಡೋರು ಹರ್ಪಿಟಾಲಜಿಸ್ಟು ಅಂತ. ಕ್ವಿಜ್‌ಗೆ ಬಾಯಿಪಾಠ ಮಾಡೋಕೆ ಸರಿ, ಆದ್ರೆ ಈ ಜನ ದಿನಾ ಬೆಳಗ್ಗೆ ಎದ್ದು ಮಾಡೋದೇನು ಅಂತ ಅದ್ರಿಂದ ಒಂದಕ್ಷರ ಗೊತ್ತಾಗಲ್ಲ. ನಾನು ಓದಿದ್ದು ಬಿಎ, ಅದೂ ಬಹಳ ಹಿಂದೆ. ಗೊತ್ತಿರೋರು ಬಿಡಿಸಿ ಹೇಳಿ. ಬಟ್ಟೆ ಎಳೆದೋರು ಯಾರು, ಸೂಟ್ ಹಾಕಿದೋರು ಯಾರು, ಈ ದಾರಿಗೆ ಹೋಗ್ಬೇಕು ಅಂದ್ರೆ ಏನ್ ಓದ್ಬೇಕು.

ಗಾಂಧಿಬಜಾರ್_ಕಾಫಿ:
ಸಿಂಪಲ್ ಸರ್. ಬಟ್ಟೆ ಎಳೆದೋರು ಎಂಟಮಾಲಜಿಸ್ಟು, ಅಂದ್ರೆ ಕೀಟ ಶಾಸ್ತ್ರಜ್ಞರು. ಸೂಟ್ ಹಾಕಿದೋರು ವೆಟರ್ನರಿ ಡಾಕ್ಟರ್ ಇರ್ಬೇಕು, ಸತ್ತ ಮಂಗದ ಪೋಸ್ಟ್‌ಮಾರ್ಟಂ ಅವ್ರೇ ಮಾಡೋದು. ಜಾಸ್ತಿ ತಲೆ ಕೆಡಿಸ್ಕೋಬೇಡಿ.

ಎಂಟ್_ಕಾಲು:
ಮೇಲಿನೋರು ಹೇಳಿದ್ದು ಅರ್ಧ ಸರಿ. ಉಣುಗು ಕೀಟ ಅಲ್ಲ. ಕೀಟಕ್ಕೆ ಆರು ಕಾಲು, ಉಣುಗಿಗೆ ಎಂಟು, ಅದು ಜೇಡ ಚೇಳುಗಳ ಕಡೆ ನೆಂಟ. ಮೊಟ್ಟೆಯಿಂದ ಈಗಷ್ಟೇ ಬಂದ ಮರಿಗೆ ಮಾತ್ರ ಆರು ಕಾಲಿರತ್ತೆ, ಒಂದ್ಸಲ ರಕ್ತ ಕುಡಿದು ಪೊರೆ ಕಳಚಿದ ಮೇಲೆ ಎಂಟಾಗತ್ತೆ, ಆ ಹಂತಕ್ಕೆ ನಿಂಫ್ ಅಂತಾರೆ. ನಿಮ್ಮ ಮಗಳು ನೋಡಿದ ಎಳ್ಳಿಗಿಂತ ಸಣ್ಣದು ಬಹುಶಃ ಈ ನಿಂಫೇ, ಮಂಗನ ಕಾಯಿಲೆ ಮನುಷ್ಯರಿಗೆ ಹೆಚ್ಚಾಗಿ ಹತ್ತೋದೂ ಇದು ಕಚ್ಚಿಯೇ. ಬಟ್ಟೆ ಯಾಕೆ ಎಳೀತಾರೆ ಅಂದ್ರೆ ಉಣುಗು ಹಾರಲ್ಲ ಜಿಗಿಯಲ್ಲ, ಎಲೆ ತುದೀಲಿ ಮುಂದಿನ ಕಾಲು ಚಾಚ್ಕೊಂಡು ಯಾವ್ದಾದ್ರೂ ಪ್ರಾಣಿ ಸವರ್ಕೊಂಡು ಹೋಗ್ಲಿ ಅಂತ ಕಾಯ್ತಾ ಇರತ್ತೆ, ಬಟ್ಟೆ ತಾಗಿದ್ರೆ ದನವೇ ಬಂತು ಅಂದ್ಕೊಂಡು ಹತ್ಕೊಳತ್ತೆ. ಬಿಳಿ ಬಟ್ಟೆ ಆದ್ರೆ ಕಣ್ಣಿಗೆ ಕಾಣತ್ತೆ ಅಷ್ಟೇ.

ಪುಸ್ತಕದ ಪ್ರಕಾರ ಉಣುಗು ನುಸಿ ಇವೆರಡನ್ನ ಅಧ್ಯಯನ ಮಾಡೋರು ಅಕರಾಲಜಿಸ್ಟ್. ಆದ್ರೆ ನೇಮಕಾತಿ ಆದೇಶದಲ್ಲಿ ಆ ಹೆಸರು ಕಾಣೋದು ಅಪರೂಪ. ಸೊಳ್ಳೆ, ಉಣುಗು, ಚಿಗಟ, ಹೇನು, ರೋಗ ಹರಡೋ ಎಲ್ಲಾ ಸಣ್ಣ ಜೀವಿಗಳನ್ನೂ ಸೇರಿಸಿ ಮೆಡಿಕಲ್ ಎಂಟಮಾಲಜಿ ಅಂತಾನೇ ಇಟ್ಟಿರ್ತಾರೆ. ಹಾಗಾಗಿ ಕಾಫಿಯವ್ರ ಉತ್ತರ ವಿಜ್ಞಾನದ ಲೆಕ್ಕದಲ್ಲಿ ತಪ್ಪು, ಸಂಬಳದ ಸ್ಲಿಪ್ ಲೆಕ್ಕದಲ್ಲಿ ಸರಿ 😄. ನನ್ನ ಪಿಎಚ್‌ಡಿನೂ ನುಸಿ ಮೇಲೇನೇ, ಏನ್ ಕೆಲಸ ಅಂತ ಯಾರಾದ್ರೂ ಕೇಳಿದ್ರೆ ನುಸಿ ಮೇಲೆ ಅಂತೀನೇ ಹೊರತು ನಾನು ಅಕರಾಲಜಿಸ್ಟ್ ಅಂತ ಇವತ್ತಿನ ತನಕ ಯಾರಿಗೂ ಹೇಳಿಲ್ಲ.

ಹಳೇ_ಮೇಷ್ಟ್ರು:
ಅಡಿಕೆಸಿಪ್ಪೆಯವ್ರೆ, ನಿಮ್ಮ ಮಗಳಿಗೆ ಆ ಪಟ್ಟಿ ಬದಿಗಿಡೋಕೆ ಹೇಳಿ, ಮಂಗನ ಕಾಯಿಲೆ ಕತೆ ಒಂದೇ ಸಾಕು, ಅರ್ಧ ಪಟ್ಟಿ ಅದ್ರೊಳಗೇ ಇದೆ. ನಾನು ಹೈಸ್ಕೂಲಲ್ಲಿ ಜೀವಶಾಸ್ತ್ರ ಹೇಳ್ತಿದ್ದಾಗ ಹೀಗೇ ಪಾಠ ಮಾಡ್ತಿದ್ದೆ. ಉದ್ದ ಆಗತ್ತೆ, ಕಾಫಿ ಮಾಡ್ಕೊಂಡು ಬಂದು ಓದಿ.

1957. ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಲುಸಾಲಾಗಿ ಸಾಯೋಕೆ ಶುರುವಾಯ್ತು, ಸುತ್ತಲ ಹಳ್ಳಿ ಜನಕ್ಕೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ಮೂಗು ಬಾಯಲ್ಲಿ ರಕ್ತ. ಮಂಗ ಸಾಯೋದಕ್ಕೂ ಮನುಷ್ಯರು ಮಲಗೋದಕ್ಕೂ ಸಂಬಂಧ ಇದೆ ಅಂತ ಹಳ್ಳಿಯವ್ರೇ ಗುರುತಿಸಿ ಮಂಗನ ಕಾಯಿಲೆ ಅಂತ ಕರೆದಿದ್ರು, ಸೈಂಟಿಸ್ಟ್‌ಗಳು ಬಂದಿದ್ದು ಆಮೇಲೆ.

ಬಂದೋರು ಪುಣೆಯ ವೈರಸ್ ರಿಸರ್ಚ್ ಸೆಂಟರ್‌ನೋರು, ಈಗಿನ ಎನ್‌ಐವಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವೈರಾಲಜಿ). ಅಲ್ಲಿನ ಟೆಲ್ಫೋರ್ಡ್ ವರ್ಕ್ ವೈರಾಲಜಿಸ್ಟು, ವೈರಾಣು ತಜ್ಞರು. ಅವ್ರಿಗೆ ಮೊದ್ಲು ಎದೆ ಝಲ್ ಅಂದಿದ್ದು ಹಳದಿ ಜ್ವರ ಇರ್ಬೋದಾ ಅಂತ, ಯಾಕಂದ್ರೆ ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರಕ್ಕೆ ಮಂಗಗಳು ಹೀಗೇ ಸಾಯ್ತವೆ, ಅದು ಏಷ್ಯಾಕ್ಕೆ ಯಾವತ್ತೂ ಬಂದೇ ಇರ್ಲಿಲ್ಲ, ಬಂದ್ರೆ ಕತೆ ಮುಗೀತು ಅನ್ನೋ ಭಯ. ರಕ್ತದಿಂದ, ಸತ್ತ ಮಂಗಗಳಿಂದ ವೈರಸ್ ಬೇರ್ಪಡಿಸಿ ನೋಡಿದ್ರೆ ಹಳದಿ ಜ್ವರ ಅಲ್ಲ, ರಷ್ಯಾ ಸೈಬೀರಿಯಾ ಕಡೆ ಉಣುಗಿನಿಂದ ಹರಡೋ ವೈರಸ್‌ಗಳ ದಾಯಾದಿ. ಈ ಲ್ಯಾಬ್ ಕೆಲಸ ತಮಾಷೆ ಅಲ್ಲ, ಇದೇ ವೈರಸ್ ಲ್ಯಾಬಲ್ಲಿ ಕೆಲಸ ಮಾಡೋರಿಗೇ ತಗುಲಿದ್ದೂ ದಾಖಲಾಗಿದೆ.

ಸರಿ, ಉಣುಗಿನ ದಾಯಾದಿ ಅಂದ್ಮೇಲೆ ಉಣುಗು ಹುಡುಕ್ಬೇಕಲ್ಲ, ಆಗ ಬಂದಿದ್ದು ಹೆರಾಲ್ಡ್ ಟ್ರಾಪಿಡೋ. ಈ ಮನುಷ್ಯನ ಕತೆ ಮಗಳಿಗೆ ತಪ್ಪದೇ ಹೇಳಿ. ಶುರು ಮಾಡಿದ್ದು ಅಮೆರಿಕದ ಹಾವುಗಳಿಂದ, ಅಂದ್ರೆ ಹರ್ಪಿಟಾಲಜಿಸ್ಟು. ಆಮೇಲೆ ಪನಾಮಾಕ್ಕೆ ಹೋಗಿ ಸೊಳ್ಳೆ ಹಿಂದೆ ಬಿದ್ರು. ಅದಾದ್ಮೇಲೆ ನಮ್ಮ ಮಲೆನಾಡಿಗೆ ಬಂದು ಉಣುಗು ಹಿಡಿದ್ರು. ಒಂದೇ ಜನ್ಮದಲ್ಲಿ ಮೂರು ಬೋರ್ಡು. ಪಿಯುಸಿ ಮಕ್ಕಳು ಈಗ್ಲೇ ಯಾವ ಲಜಿಸ್ಟು ಅಂತ ತೀರ್ಮಾನ ಮಾಡ್ಬೇಕು ಅಂತ ಒದ್ದಾಡೋದು ನೋಡಿದ್ರೆ ನನಗೆ ನಗು ಬರತ್ತೆ.

ಉಣುಗು ಸಿಕ್ತು, ಆದ್ರೆ ಯಾವ ಉಣುಗು? ಕಾಡಲ್ಲಿ ಹತ್ತಾರು ಜಾತಿ, ನಮ್ಮ ಕಣ್ಣಿಗೆ ಎಲ್ಲಾ ಒಂದೇ. ಇಲ್ಲಿ ಬೇಕಾಗೋದು ಟ್ಯಾಕ್ಸಾನಮಿಸ್ಟು, ಮೈಕ್ರೋಸ್ಕೋಪ್ ಕೆಳಗೆ ಬಾಯಿ ಭಾಗ, ಕಾಲಿನ ಮುಳ್ಳು ನೋಡಿ ಇದು ಇಂಥ ಜಾತಿ ಅಂತ ಬೇರ್ಪಡಿಸೋರು. ಆ ಕಾಲಕ್ಕೆ ಉಣುಗು ಅಂದ್ರೆ ಜಗತ್ತಿಗೇ ದೊಡ್ಡ ಹೆಸರು ಕೈರೋದಲ್ಲಿದ್ದ ಹ್ಯಾರಿ ಹೂಗ್‌ಸ್ಟ್ರಾಲ್. ಮುಖ್ಯ ಆರೋಪಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಅಂತ ಗೊತ್ತಾಯ್ತು. ಜೊತೆಗೆ ಟ್ರಾಪಿಡೋ, ಹೂಗ್‌ಸ್ಟ್ರಾಲ್, ರಾಜಗೋಪಾಲನ್ ಮೂರೂ ಜನ ಸೇರಿ 1964ರಲ್ಲಿ ಹೊಸ ಉಣುಗೊಂದಕ್ಕೆ ಹೀಮಾಫೈಸಾಲಿಸ್ ಕ್ಯಾಸನೂರೆನ್ಸಿಸ್ ಅಂತ ಹೆಸರಿಟ್ರು. ಸೊರಬದ ಕಾಡಿನ ಹೆಸರು ಹೊತ್ಕೊಂಡ ಉಣುಗು! ಟ್ಯಾಕ್ಸಾನಮಿ ಓದೋರು ಕಮ್ಮಿ ಆಗ್ತಿದಾರೆ ಅನ್ನೋ ಮಾತು ಎಲ್ಲಾ ಕಡೆ ಕೇಳತ್ತೆ, ಮಿಕ್ಕ ವಿಜ್ಞಾನ ಪೂರ್ತಿ ನಿಂತಿರೋದೇ ಇವ್ರ ಮೇಲೆ ಅಂತ ನನ್ನ ಅಭಿಪ್ರಾಯ.

ಇನ್ನು ಹಕ್ಕಿ ನೋಡೋರಿಗೂ ಇಲ್ಲಿ ಪಾತ್ರ ಇದೆ. ಸೈಬೀರಿಯಾದ ವೈರಸ್ ದಾಯಾದಿ ಇಲ್ಲಿಗೆ ಹೆಂಗ್ ಬಂತು, ವಲಸೆ ಹಕ್ಕಿ ಮೈಮೇಲಿನ ಉಣುಗಿನಲ್ಲಿ ಬಂತಾ ಅನ್ನೋ ಅನುಮಾನ. ಸಲೀಂ ಅಲಿಯವ್ರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆ ನೆರವಲ್ಲಿ ಹಕ್ಕಿ ಕಾಲಿಗೆ ಉಂಗುರ ಹಾಕೋ ಕೆಲಸ ದೊಡ್ಡದಾಗಿ ಶುರು ಮಾಡಿದ್ದು ಈ ನೆಪದಲ್ಲೇ. ಹಕ್ಕಿಗಳೇ ತಂದ್ವು ಅನ್ನೋದಕ್ಕೆ ಪುರಾವೆ ಸಿಗ್ಲಿಲ್ಲ, ಆದ್ರೆ ನಮ್ಮ ದೇಶದ ಹಕ್ಕಿಗಳ ವಲಸೆ ಬಗ್ಗೆ ಬೇಕಾದಷ್ಟು ತಿಳುವಳಿಕೆ ಬಂತು. ಮಂಗನ ಜ್ವರದಿಂದ ಆರ್ನಿಥಾಲಜಿಗೆ ಲಾಭ, ಯಾರಿಗೆ ಗೊತ್ತಿತ್ತು.

ಕೊನೆಗೆ ನನಗೆ ಅತಿ ಇಷ್ಟದ ಮನುಷ್ಯ, ಕೊಲಂಬಿಯಾ ದೇಶದ ಹೋರ್ಹೆ ಬೋಶೆಲ್. ತನ್ನ ದೇಶದಲ್ಲಿ ಕಾಡಿನ ಹಳದಿ ಜ್ವರ ಹುಡುಕ್ತಿದ್ದಾಗ, ಮರ ಕಡಿಯೋರು ಮರ ಉರುಳಿಸಿದ ಕೂಡ್ಲೇ ತುದಿಯಲ್ಲಿದ್ದ ನೀಲಿ ಸೊಳ್ಳೆಗಳು ಕೆಳಗೆ ಬಂದು ಮುತ್ತಿಕೊಳ್ಳೋದನ್ನ ನೋಡಿ, ಓಹೋ ರೋಗ ಇರೋದು ಮರದ ತುದೀಲಿ ಅಂತ ಹಿಡಿದಾತ. 60ರ ದಶಕದಲ್ಲಿ ನಮ್ಮ ಸಾಗರದ ಕಡೆ ಬಂದು ಕೆಲಸ ಮಾಡಿದ್ರು. ಇವ್ರನ್ನ ಎಪಿಡೆಮಿಯಾಲಜಿಸ್ಟ್ (ರೋಗ ಹೇಗೆ ಹರಡತ್ತೆ ಅಂತ ನೋಡೋರು) ಅನ್ನಿ, ಇಕಾಲಜಿಸ್ಟ್ (ಜೀವಿಗೂ ಪರಿಸರಕ್ಕೂ ಇರೋ ಸಂಬಂಧ ನೋಡೋರು) ಅನ್ನಿ. ಅವ್ರು ಕೇಳಿದ ಪ್ರಶ್ನೆ, ಈಗ್ಲೇ ಯಾಕೆ, ಇಲ್ಲೇ ಯಾಕೆ? ಉತ್ತರ ದನಗಳಲ್ಲಿ ಸಿಕ್ತು. ಕಾಡು ಕಡಿದು ಗದ್ದೆ ಮಾಡಿ ದನ ಕಾಡಂಚಿಗೆ ಮೇಯೋಕೆ ಬಿಟ್ರೆ, ಬೆಳೆದ ಉಣುಗಿಗೆ ದನದ ರಕ್ತ ಧಾರಾಳ ಸಿಗತ್ತೆ, ಹೊಟ್ಟೆ ತುಂಬಿದ ಹೆಣ್ಣು ಉದುರಿ ಬಿದ್ದು ಸಾವಿರಾರು ಮೊಟ್ಟೆ ಇಡತ್ತೆ. ದನಕ್ಕೆ ಕಾಯಿಲೆ ಬರಲ್ಲ, ಆದ್ರೆ ಉಣುಗು ಸಾಕೋದು ಅದೇ. ಮರಿಗಳು ಇಲಿ, ಸುಂಡಿಲಿ, ಮಂಗಕ್ಕೆ ಹತ್ತತ್ವೆ, ಮಂಗ ಸತ್ತ ಕೂಡ್ಲೇ ಅದ್ರ ಮೈಮೇಲಿದ್ದ ಉಣುಗೆಲ್ಲಾ ಅಲ್ಲೇ ಕೆಳಗೆ ಉದುರತ್ತೆ. ಸತ್ತ ಜಾಗದ ಸುತ್ತ ಉಣುಗು ಕೊಲ್ಲೋ ಪುಡಿ ಹೊಡೆಯೋದು ಅದಕ್ಕೇ.

ನಿಮ್ಮಲ್ಲಿ ದರಕು ಗುಡಿಸಿ ಕೊಟ್ಟಿಗೆಗೆ ಹಾಕ್ತೀರಲ್ಲ, ನವೆಂಬರ್‌ನಿಂದ ಮೇ ತನಕ ಅದ್ರಲ್ಲೇ ನಿಂಫ್ ಮನೆ ಬಾಗಿಲಿಗೆ ಬರತ್ತೆ. ಇದನ್ನ ಕಂಡುಹಿಡಿಯೋಕೆ ಮೈಕ್ರೋಸ್ಕೋಪ್ ಸಾಲಲ್ಲ, ಜನ ಯಾವಾಗ ಯಾಕೆ ಕಾಡಿಗೆ ಹೋಗ್ತಾರೆ ಅಂತ ಮನೆಮನೆಗೆ ಹೋಗಿ ಕೂತು ಕೇಳೋರು ಬೇಕು. ಸಮಾಜಶಾಸ್ತ್ರ, ಮಾನವಶಾಸ್ತ್ರ ಓದಿದೋರಿಗೂ ಇಲ್ಲಿ ಕೆಲಸ ಇದೆ ಅಂತ ಮಗಳಿಗೆ ಹೇಳಿ, ಬಿಎ ಓದಿದ ಅಪ್ಪನಿಗೂ ಸಮಾಧಾನ ಆಗ್ಲಿ.

ನೀಟ್_ಅಂಕಲ್:
ಇದೆಲ್ಲಾ ಓದೋಕೆ ಚೆನ್ನಾಗಿದೆ. ಪಿಸಿಎಂಬಿ ತಗೊಂಡಿದಾಳೆ ಅಂದ್ರೆ ನೀಟ್ ಕೋಚಿಂಗ್‌ಗೆ ಹಾಕಿ, ಡಾಕ್ಟರ್ ಮಾಡ್ಸಿ. ಉಣುಗು ಹಿಡ್ಕೊಂಡು ಯಾರ್ ಬದುಕ್ತಾರೆ.

ಹಳೇ_ಮೇಷ್ಟ್ರು:
ಉಣುಗು ಹಿಡಿಯೋರು ಇಲ್ದಿದ್ರೆ ಡಾಕ್ಟರ್ ಕೊಡೋದು ಪ್ಯಾರಸಿಟಮಾಲ್ ಮತ್ತೆ ಡ್ರಿಪ್ಪು ಮಾತ್ರ ಸ್ವಾಮಿ. ಈ ಕಾಯಿಲೆಗೆ ಇವತ್ತಿಗೂ ವೈರಸ್ ಕೊಲ್ಲೋ ಖಚಿತ ಔಷಧಿ ಇಲ್ಲ.

ಅಡಿಕೆಸಿಪ್ಪೆ:
ಮೇಷ್ಟ್ರೇ, ನಿಮ್ಮ ಉತ್ತರನ ಮಗಳು ಎರಡು ಸಲ ಓದಿದ್ಲು, ಕ್ಯಾಸನೂರೆನ್ಸಿಸ್ ಹೆಸರು ಕೇಳಿ ನಕ್ಕಿದ್ದೇ ನಕ್ಕಿದ್ದು. ನಾವು ಚಿಕ್ಕಂದಿನಿಂದ ಮಂಗನ ಕಾಯಿಲೆ ಅಂತ ಕೇಳ್ತಾ, ಅರಳಗೋಡಿನ ಕಡೆ 2019ರಲ್ಲಿ ಜನ ಸತ್ತಿದ್ದು ಹತ್ತಿರದಿಂದ ನೋಡಿ, ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಕೊಂಡು ತೋಟಕ್ಕೆ ಹೋಗಿ ಎಲ್ಲಾ ಆಗಿದೆ, ಇದ್ರ ಹಿಂದೆ ಇಷ್ಟು ಥರದ ಜನ ಇದಾರೆ ಅಂತ ಯಾರೂ ಹೇಳಿರ್ಲಿಲ್ಲ.

ಈಗ ಅವಳದ್ದೇ ಇನ್ನೊಂದು ಪ್ರಶ್ನೆ. ಹಾಗಾದ್ರೆ ಅಡಿಕೆಗೆ ಬರೋ ಕೊಳೆರೋಗ ನೋಡೋರು ಯಾರು? ಗಿಡದ ಡಾಕ್ಟ್ರಾ, ಶಿಲೀಂಧ್ರದೋರಾ?

ಮೈಲುತುತ್ತ:
ನನ್ನ ಸಬ್ಜೆಕ್ಟ್ ಬಂತು. ಗಿಡದ ರೋಗ ನೋಡೋರು ಪ್ಲಾಂಟ್ ಪೆಥಾಲಜಿಸ್ಟು, ಸಸ್ಯರೋಗ ತಜ್ಞರು. ಶಿಲೀಂಧ್ರ ನೋಡೋರು ಮೈಕಾಲಜಿಸ್ಟು, ಅಣಬೆಯಿಂದ ಹಿಡಿದು ರೊಟ್ಟಿ ಮೇಲಿನ ಬೂಷ್ಟಿನ ತನಕ.

ಮೈಸೂರು ಸರ್ಕಾರ 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅವ್ರನ್ನ ಕರೆಸ್ಕೊಂಡಾಗ ಕೊಟ್ಟ ಹುದ್ದೆ ಏನ್ ಗೊತ್ತಾ, ಮೈಕಾಲಜಿಸ್ಟ್ ಮತ್ತು ಎಂಟಮಾಲಜಿಸ್ಟ್, ಎರಡೂ ಒಬ್ರೇ! ಇಡೀ ಸಂಸ್ಥಾನದ ಬೂಷ್ಟು ಹುಳ ಎಲ್ಲಾ ಒಬ್ಬನ ತಲೆ ಮೇಲೆ. ಮಲೆನಾಡಿಗೆ ಬಂದು ಅಡಿಕೆ ಕೊಳೆ ಹಿಡ್ಕೊಂಡು ಕೂತ್ರು. ಅದಕ್ಕೆ ಮುಂಚೆ ನಮ್ಮೋರಿಗೆ ಗೊತ್ತಿದ್ದ ಉಪಾಯ ಕೊಟ್ಟೆ ಕಟ್ಟೋದು, ಮಳೆ ಶುರುವಾಗೋ ಮುಂಚೆ ಒಂದೊಂದೇ ಕೊನೆಗೆ (ಅಡಿಕೆ ಗೊನೆಗೆ) ಹಾಳೆ ಮುಚ್ಚಿ ಕಟ್ಟೋದು. ಕೆಲಸ ಮಾಡ್ತಿತ್ತು, ಆದ್ರೆ ಆಳು ಎಷ್ಟ್ ಬೇಕು ಲೆಕ್ಕ ಹಾಕಿ. ಕೋಲ್ಮನ್ ಫೈಟಾಫ್ತೊರಾ ಅನ್ನೋ ಜೀವಿ ಇದಕ್ಕೆ ಕಾರಣ ಅಂತ ತೋರಿಸಿ, ಮೈಲುತುತ್ತ (ಕಾಪರ್ ಸಲ್ಫೇಟ್) ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯೋದು ಕಲಿಸಿದ್ರು. ಇವತ್ತಿಗೂ ಮಳೆಗೆ ಮುಂಚೆ ನಿಮ್ಮ ಕೊನೆಗೌಡ ಮರ ಹತ್ತಿ ಹೊಡೆಯೋದು ಅದನ್ನೇ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ. ಆಮೇಲೆ ಅವ್ರು ಕೃಷಿ ಇಲಾಖೆ ಡೈರೆಕ್ಟರ್ ಆದ್ರು, 1925ರಲ್ಲಿ ಬಾಳೆಹೊನ್ನೂರಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದೂ ಅವ್ರ ಕಾಲದಲ್ಲೇ.

ಇದ್ರಲ್ಲಿ ಮಜಾ ಏನಂದ್ರೆ ಫೈಟಾಫ್ತೊರಾನ ಆಗ ಶಿಲೀಂಧ್ರ ಅಂತಲೇ ಲೆಕ್ಕ ಹಾಕ್ತಿದ್ರು. ನೋಡೋಕೆ ಬೂಷ್ಟಿನ ಥರಾನೇ ಇರತ್ತೆ. ಆದ್ರೆ ಈಗ ಡಿಎನ್‌ಎ ಎಲ್ಲಾ ನೋಡಿದ್ಮೇಲೆ ಅದು ಶಿಲೀಂಧ್ರ ಅಲ್ಲ, ಊಮೈಸೀಟ್ ಅಂತ ಬೇರೆ ಗುಂಪು, ಸಮುದ್ರದ ಕಂದು ಪಾಚಿಗೆ ಹತ್ತಿರ. ಆದ್ರೂ ಅದನ್ನ ನೋಡ್ತಿರೋದು ಅದೇ ಹಳೇ ಪ್ಲಾಂಟ್ ಪೆಥಾಲಜಿ ಡಿಪಾರ್ಟ್‌ಮೆಂಟು, ಮೇಲೆ ಎಂಟ್_ಕಾಲು ಅವ್ರು ಉಣುಗಿನ ಬಗ್ಗೆ ಹೇಳಿದ ಹಾಗೇ ಆಯ್ತು. ಶಿಲೀಂಧ್ರಕ್ಕೆ ಅಂತ ಅಂಗಡೀಲಿ ಕೊಡೋ ಎಲ್ಲಾ ಔಷಧಿನೂ ಕೊಳೆಗೆ ಕೇಳಲ್ಲ, ಅದಕ್ಕೂ ಇದೇ ಕಾರಣ. ಲೇಬಲ್ ನೋಡ್ಕೊಂಡು ತಗೊಳಿ.

ಎಂಟ್_ಕಾಲು:
ಓದೋ ದಾರಿ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ. ಯಾವ ಹೆಸರು ಬೇಕು ಅನ್ನೋದಕ್ಕಿಂತ ಅವಳಿಗೆ ಎಲ್ಲಿ ಕೂತ್ರೆ ಖುಷಿ ಅಂತ ಮೊದ್ಲು ನೋಡಿ. ಕಾಡಲ್ಲಿ ಬಟ್ಟೆ ಎಳೆಯೋದಾ, ಲ್ಯಾಬಲ್ಲಿ ಗ್ಲೌಸ್ ಹಾಕ್ಕೊಂಡು ಪಿಪೆಟ್ ಹಿಡಿಯೋದಾ, ಕಂಪ್ಯೂಟರ್ ಮುಂದೆ ಕೇಸುಗಳ ಲೆಕ್ಕ ಹಾಕೋದಾ.

ಪಿಸಿಎಂಬಿ ಇರೋದ್ರಿಂದ ಎಲ್ಲಾ ಬಾಗಿಲೂ ತೆರೆದಿದೆ. ಹತ್ತಿರದ್ದು ಅಂದ್ರೆ ಬಿಎಸ್ಸಿ ಅಗ್ರಿ, ನಿಮ್ಮ ತಾಲೂಕಲ್ಲೇ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಅಲ್ಲಿಂದ ಎಂಎಸ್ಸಿಗೆ ಕೀಟಶಾಸ್ತ್ರನೋ ಸಸ್ಯರೋಗನೋ ತಗೋಬೋದು. ಕಾಡು ಇಷ್ಟ ಅಂದ್ರೆ ಶಿರಸಿ ಇಲ್ಲಾ ಪೊನ್ನಂಪೇಟೆಯಲ್ಲಿ ಬಿಎಸ್ಸಿ ಫಾರೆಸ್ಟ್ರಿ. ಪ್ರಾಣಿ ರೋಗ ಅಂದ್ರೆ ಬಿವಿಎಸ್ಸಿ, ಶಿವಮೊಗ್ಗದಲ್ಲೇ ವೆಟರ್ನರಿ ಕಾಲೇಜಿದೆ, ಸೂಟ್ ಹಾಕ್ಕೊಂಡು ಬಂದೋರು ಈ ದಾರಿಯವ್ರೇ ಇರ್ಬೇಕು. ಬರೀ ಸಂಶೋಧನೆನೇ ಅಂತ ಗಟ್ಟಿ ಇದ್ರೆ ಐಸರ್ ಅನ್ನೋ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಿಗೆ ಐಎಟಿ ಅನ್ನೋ ಪರೀಕ್ಷೆ ಬರೀಲಿ, ಬೆಂಗಳೂರಿನ ಐಐಎಸ್ಸಿಯಲ್ಲೂ ನಾಲ್ಕು ವರ್ಷದ ಬಿಎಸ್ ಇದೆ. ಹತ್ತಿರದ ಕಾಲೇಜಲ್ಲಿ ಸಾದಾ ಬಿಎಸ್ಸಿ ಝುವಾಲಜಿ ಮಾಡಿದ್ರೂ ಏನೂ ಕಡಿಮೆ ಅಲ್ಲ, ನಾನು ಬಂದಿದ್ದು ಅದೇ ದಾರೀಲಿ. ಆಮೇಲೆ ಪುಣೆ ಎನ್‌ಐವಿಯಲ್ಲಿ ಎಂಎಸ್ಸಿ ವೈರಾಲಜಿ ಇದೆ, ಪುದುಚೇರಿಯ ವಿಸಿಆರ್‌ಸಿಯಲ್ಲಿ (ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್, ರೋಗ ಹರಡೋ ಜೀವಿಗಳ ಸಂಶೋಧನಾ ಕೇಂದ್ರ) ಪಬ್ಲಿಕ್ ಹೆಲ್ತ್ ಎಂಟಮಾಲಜಿ ಅಂತಾನೇ ಎಂಎಸ್ಸಿ ಇದೆ, ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ (ಜೀವವಿಜ್ಞಾನದ ರಾಷ್ಟ್ರೀಯ ಕೇಂದ್ರ) ವನ್ಯಜೀವಿ ವಿಷಯದಲ್ಲಿ ಎಂಎಸ್ಸಿ ಇದೆ. ನಿಮ್ಮ ಮಗಳು ನೋಡಿದ ಕೆಲಸಕ್ಕೆ ನೇರ ಹತ್ತಿರ ಇರೋದು ಪುದುಚೇರಿದು.

ದುಡ್ಡಿನ ವಿಷಯ ಮುಚ್ಚಿಡಲ್ಲ. ಪರ್ಮನೆಂಟ್ ಕೆಲಸ ಸಿಗೋದು ನಿಧಾನ, ಪ್ರಾಜೆಕ್ಟ್ ಮೇಲೆ ಪ್ರಾಜೆಕ್ಟು ಅಂತ ಕೆಲವು ವರ್ಷ ಹೋಗತ್ತೆ, ಮನೇಲಿ ಅಷ್ಟು ತಡ್ಕೊಳೋ ಶಕ್ತಿ ಇದ್ಯಾ ಅಂತ ಈಗ್ಲೇ ಯೋಚಿಸಿ. ಅಗ್ರಿ ಮತ್ತೆ ವೆಟರ್ನರಿಗೆ ಸರ್ಕಾರಿ ಇಲಾಖೆಯ ಬಾಗಿಲೂ ಇದೆ, ಆ ಮಟ್ಟಿಗೆ ಸೇಫು.

ಗಾಂಧಿಬಜಾರ್_ಕಾಫಿ:
ಎಂಟು ಕಾಲು ಅಂತ ಇವತ್ತೇ ಗೊತ್ತಾಗಿದ್ದು, ನಮ್ಮ ನಾಯಿ ಕಿವೀಲಿದ್ದ ಒಂದನ್ನ ಕಿತ್ತು ಭೂತಗನ್ನಡೀಲಿ ಎಣಿಸಿದೆ. ಎಂಟೇ.

ಎಂಟ್_ಕಾಲು:
ಕೈಯಲ್ಲಿ ಹಿಚುಕಬೇಡಿ ಸರ್, ಚಿಮಟದಲ್ಲಿ ಚರ್ಮಕ್ಕೆ ಹತ್ರ ಹಿಡಿದು ನೇರ ಎಳೀರಿ, ಆಮೇಲೆ ಸ್ಪಿರಿಟ್‌ಗೆ ಹಾಕಿ.

ಅಡಿಕೆಸಿಪ್ಪೆ:
ಎಲ್ರಿಗೂ ಧನ್ಯವಾದ. ಮಗಳು ಸದ್ಯಕ್ಕೆ ಇರುವಕ್ಕಿ ಮತ್ತೆ ಐಎಟಿ ಎರಡೂ ನೋಡ್ತೀನಿ ಅಂತಿದಾಳೆ. ಬಿಎಸ್ಸಿ ಅಗ್ರಿಗೆ ಕೃಷಿಕರ ಕೋಟಾ ಅಂತ ಇದೆಯಂತಲ್ಲ, ಅದಕ್ಕೆ ಏನೇನು ಬೇಕು?

ಮೈಲುತುತ್ತ:
ಕೆಸಿಇಟಿ ಅರ್ಜಿ ತುಂಬೋವಾಗ್ಲೇ ಕೃಷಿಕರ ಕೋಟಾ ಅಂತ ಕ್ಲೇಮ್ ಮಾಡ್ಬೇಕು, ಆಮೇಲೆ ಸೇರ್ಸೋಕೆ ಹೋದ್ರೆ ಒದ್ದಾಟ. ಪಹಣಿ, ತಹಶೀಲ್ದಾರ್ ಕಡೆಯಿಂದ ಕೃಷಿ ಸರ್ಟಿಫಿಕೇಟ್ ಎಲ್ಲಾ ಮೊದ್ಲೇ ಮಾಡಿಸಿಟ್ಕೊಳಿ. ಒಂದು ಪ್ರಾಕ್ಟಿಕಲ್ ಪರೀಕ್ಷೆನೂ ಇರತ್ತೆ, ಬೀಜ, ಗೊಬ್ಬರ, ಕಳೆ, ಹತಾರ ಇಟ್ಟು ಇದೇನು ಅಂತ ಕೇಳ್ತಾರೆ. ತೋಟದ ಮಗು, ಅಡಿಕೆ ಮೆಣಸು ಸಲೀಸಾಗಿ ಹೇಳ್ತಾಳೆ, ಬಯಲುಸೀಮೆ ಬೆಳೆ ಬೀಜಗಳನ್ನ ಮಾತ್ರ ಒಂದ್ಸಲ ಕೈಯಲ್ಲಿ ಹಿಡಿಸಿ ತೋರಿಸಿ, ಸಜ್ಜೆ ನವಣೆ ಮುಂದಿಟ್ರೆ ನಮ್ಮ ಮಲ್ನಾಡ್ ಹುಡುಗ್ರು ಬೆಬ್ಬೆಬ್ಬೆ ಅಂತಾರೆ.